ಹೊಂಗೆ ಮರದಲ್ಲಿ ಹತ್ತು ಸೇಬು

ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುವವರನ್ನು ನಗು ಹುಡುಕಿಕೊಂಡು ಬರುತ್ತದೆ, ಅದೂ ನಗಬಾರದ ಹೊತ್ತಲ್ಲೇ. ಹುಣಸೂರಿನ ಒಂದು ಸಣ್ಣ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ನನ್ನ ಅನುಭವ ಇದೇ. ಈ ವರ್ಷವಂತೂ ನಾನು ನಗುವ ಸ್ಥಿತಿಯಲ್ಲೇ ಇರಲಿಲ್ಲ. ಹಿಂದಿನ ರಸ್ತೆಯಲ್ಲಿ ಬಣ್ಣಬಣ್ಣದ ಹೊಸ ಶಾಲೆ ಶುರುವಾಗಿ, ನನ್ನ ಕ್ಲಾಸಿನಲ್ಲಿ ಒಂಬತ್ತೇ ಮಕ್ಕಳು ಉಳಿದಿದ್ದರು.

"ಆಪಲ್ ಡೇ ಮಾಡಿ ಮಿಸ್, ಊರಿನವರನ್ನೆಲ್ಲ ಕರೆಯೋಣ. ಹೊಸ ಅಡ್ಮಿಷನ್ ಬಂದ್ರೆ ಸರಿ. ಇಲ್ಲದಿದ್ರೆ ಮುಂದಿನ ವರ್ಷ ಎಲ್‌ಕೆಜಿ ಇರಲ್ಲ" ಎಂದರು ನಮ್ಮ ಸೆಕ್ರೆಟರಿ. ಎಲ್‌ಕೆಜಿ ಇಲ್ಲ ಅಂದರೆ ನಾನೂ ಇಲ್ಲ. ಸೇಬಿನ ಮರವನ್ನು ಅವರೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಶಾಲೆಯ ಸುತ್ತ ಸೀಬೆ, ನೇರಳೆ, ಮಾವು ಬೇಕಾದಷ್ಟಿವೆ. ಆದರೆ ಇಂಗ್ಲಿಷ್ ಶುರುವಾಗುವುದು ಸೇಬಿನಿಂದ ತಾನೇ.

೧. ಮಲಗಿರೋದು ಯಾರು?

ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ: 'ನಾಳೆ ಮಗುವಿನ ಜೊತೆ ತಪ್ಪದೆ ಒಂದು ಸೇಬು ಕಳುಹಿಸಿ.' ಬೆಳಿಗ್ಗೆ ಗಾವಡಗೆರೆ ಬಸ್ಸಿಳಿದು ಒಬ್ಬ ಅಜ್ಜಿ ಮೊಮ್ಮಗನನ್ನು ಎಳೆದುಕೊಂಡು ಬಂದರು. ಕೈಯಲ್ಲಿ ಒಂದು ಕೆಜಿ ಸೇಬು, ಒಂದು ಪೌಂಡ್ ಬ್ರೆಡ್, ಫ್ಲಾಸ್ಕಲ್ಲಿ ಬಿಸಿ ಹಾಲು.

"ಮಿಸ್ಸವ್ವ, ಯಾರ್ಗೆ ಉಸಾರಿಲ್ಲ?"

"ಯಾರಿಗೂ ಏನಾಗಿಲ್ಲ ಅಜ್ಜಿ. ಇದು ಪಾಠಕ್ಕೆ."

"ಸುಮ್ಕಿರವ್ವ. ಉಸಾರಾಗಿರೋರು ಯಾರಾದ್ರೂ ಸೇಬು ಕೇಳ್ತಾರಾ?"

ತಪ್ಪು ಅವರದಲ್ಲ. ನಮ್ಮ ಕಡೆ ಸೇಬು ಕೊಳ್ಳುವುದೇ ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ. ನಾನು ಎಷ್ಟು ಹೇಳಿದರೂ ಅಜ್ಜಿ ನಂಬಲಿಲ್ಲ. ನನ್ನ ಮುಖವನ್ನೇ ದಿಟ್ಟಿಸಿ, "ನಿಂಗೇ ಕಣವ್ವ. ಬಾಯ್ಬುಟ್ಟು ಯೋಳ್ಕಳಾಕೆ ನಾಚ್ಕೆ" ಎಂದು ತೀರ್ಮಾನಿಸಿ, ಹಾಲು ಬಗ್ಗಿಸಿ ಕೊಟ್ಟು, ನಾನು ಪೂರ್ತಿ ಕುಡಿಯುವವರೆಗೂ ಎದುರೇ ಕೂತಿದ್ದರು. ಮಾರನೇ ದಿನ ಗಾವಡಗೆರೆ ಕಡೆಯಿಂದ ಇನ್ನೂ ಇಬ್ಬರು ನನ್ನನ್ನು ನೋಡಿಕೊಂಡು ಹೋಗಲು ಬಂದರು.

೨. ವಾಪಸ್ ಕಳ್ಸಿ

ಬಂದ ಸೇಬುಗಳನ್ನು ಬಣ್ಣದ ಪ್ರಕಾರ ವಿಂಗಡಿಸುವ ಆಟ. ಕೆಂಪು ಈ ಬುಟ್ಟಿಗೆ, ಹಸಿರು ಆ ಬುಟ್ಟಿಗೆ, ಅಷ್ಟೇ. ಹೊಗೆಸೊಪ್ಪು ಬೆಳೆಯುವವರ ಮನೆಯ ಒಬ್ಬ ಹುಡುಗಿಯನ್ನು ಕರೆದೆ. ಅವಳು ಒಂದೊಂದನ್ನೂ ಎತ್ತಿ, ಬೆರಳಲ್ಲಿ ಉಜ್ಜಿ, ಮೂಸಿ, ಬೆಳಕಿಗೆ ಹಿಡಿದು ನಾಲ್ಕು ಗುಡ್ಡೆ ಮಾಡಿದಳು.

"ಇದು ಒಂದ್ನೇ ಗ್ರೇಡು. ಇದು ಎರಡ್ನೇದು. ಇದು ಮೂರ್ನೇದು."

"ಕೊನೇದು?"

"ಅದು ತಗಳಲ್ಲ ಮಿಸ್. ವಾಪಸ್ ಕಳ್ಸಿ."

ಕೊನೆಯ ಗುಡ್ಡೆಯಲ್ಲಿದ್ದದ್ದು ಸೆಕ್ರೆಟರಿ ತಂದುಕೊಟ್ಟ ಹಣ್ಣು. ಅವರು ಅಲ್ಲೇ ನಿಂತಿದ್ದರು. ನಗುತ್ತಾ, "ಯಾಕೆ ಪುಟ್ಟಿ, ಚೆನ್ನಾಗಿಲ್ವಾ?" ಎಂದರು.

ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಅಪ್ಪನ ಪಕ್ಕ ನಿಂತು, ಕೊಳ್ಳುವವರ ಬಾಯಲ್ಲಿ ಆ ಮಾತನ್ನು ಎಷ್ಟು ಸಲ ಕೇಳಿಸಿಕೊಂಡಿದ್ದಳೋ ಏನೋ. ಅವರ ಮುಖವನ್ನೂ ನೋಡದೆ ಹೇಳಿದಳು: "ತೇವ ಜಾಸ್ತಿ."

೩. ಹತ್ತರಿಂದ ಹಿಂದಕ್ಕೆ

ಆಪಲ್ ಡೇ ದಿನ ಅಂಗಳದ ಹೊಂಗೆ ಮರಕ್ಕೆ ಹತ್ತು ಸೇಬು ದಾರದಲ್ಲಿ ಕಟ್ಟಿದೆವು. ಒಬ್ಬ ಒಂದು ಕಿತ್ತರೆ ಉಳಿದವರು 'ನೈನ್' ಅನ್ನಬೇಕು, ಇನ್ನೊಂದು ಕಿತ್ತರೆ 'ಏಯ್ಟ್'. ಹದಿನೈದು ದಿನ ಅಭ್ಯಾಸ ಮಾಡಿಸಿದ್ದೆ. ಒಂದು ದಿನವೂ 'ಸೆವೆನ್' ದಾಟಿರಲಿಲ್ಲ. ಅಲ್ಲಿಂದ ತಿರುಗಿ 'ಏಯ್ಟ್'ಗೇ ಹೋಗುತ್ತಿದ್ದರು. ಕುರ್ಚಿಗಳ ತುಂಬ ಜನ. ನನಗೋ ಕೆಲಸ ಹೋಯಿತೆಂದೇ ಹೆದರಿಕೆ.

ಸೆಕ್ರೆಟರಿ ಮೈಕ್ ಹಿಡಿದು, "ನಮ್ಮಲ್ಲಿ ಮಕ್ಕಳು ಪ್ರಕೃತಿಯಿಂದ ನೇರವಾಗಿ ಕಲೀತಾರೆ" ಎಂದರು.

ಮುಂದಿನ ಸಾಲಿನ ಯಜಮಾನರೊಬ್ಬರು ಪಕ್ಕದವರನ್ನು ಕೇಳಿದರು: "ಒಂಗೆ ಮರ್ದಲ್ಲಿ ಸೇಬು ಬುಡ್ತದೆ ಅಂತ್ಲಾ?"

ಅಷ್ಟರಲ್ಲಿ ಕಾಂಪೌಂಡ್ ಮೇಲಿಂದ ಕೋತಿಗಳ ಹಿಂಡು ಇಳಿಯಿತು. ಮೊದಲನೆಯದು ಒಂದು ಸೇಬು ಕಿತ್ತುಕೊಂಡು ಮೇಲಿನ ಕೊಂಬೆಗೆ ಹೋಯಿತು. ಮುಂದಿನ ಸಾಲಿನವರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಮಕ್ಕಳು ಮಾತ್ರ ಹೇಳಿಕೊಟ್ಟಂತೆ ಒಕ್ಕೊರಲಿನಲ್ಲಿ, "ನೈನ್" ಎಂದರು.

ಎರಡನೆಯದು ಕಿತ್ತಿತು. "ಏಯ್ಟ್." ಮರಿಯೊಂದು ಕಿತ್ತಿತು. "ಸೆವೆನ್." ನಾನು ಕಣ್ಣು ಮುಚ್ಚಿಕೊಂಡೆ. "ಸಿಕ್ಸ್" ಅಂತ ಕೇಳಿಸಿತು. ನನ್ನ ಕ್ಲಾಸಿನಲ್ಲಿ ಮುಗ್ಗರಿಸುತ್ತಿದ್ದ ಲೆಕ್ಕ ಕೋತಿಗಳ ಕೈಯಲ್ಲಿ 'ಝೀರೋ'ವರೆಗೆ ಸಲೀಸಾಗಿ ಇಳಿಯಿತು. ನನಗೆ ಕಣ್ಣಲ್ಲಿ ನೀರೇ ಬಂತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಗನನ್ನು ಹೊಸ ಶಾಲೆಗೆ ಸೇರಿಸಲು ನಿಂತಿದ್ದ ಒಬ್ಬರು ನಮ್ಮ ಫಾರಂ ಕೇಳಿದರು. "ಅಲ್ಲಿ ಬರೀ ಟೀವೀಲಿ ತೋರುಸ್ತಾರೆ ಕಣ್ರೀ. ಇಲ್ಲಿ ನೋಡಿ, ಕೋತಿಗಳ್ನೂ ಪಳಗ್ಸವ್ರೆ."

ಆವತ್ತೇ ಹದಿನಾಲ್ಕು ಫಾರಂ ಹೋದವು. ನನ್ನ ಕ್ಲಾಸ್ ಉಳಿಯಿತು. ಕೋತಿಗಳು ಇಳಿದಾಗಿನಿಂದ ಆಫೀಸಿನ ಬಾಗಿಲ ಹಿಂದೆ ನಿಂತಿದ್ದ ಸೆಕ್ರೆಟರಿ ಹೊರಗೆ ಬಂದು, ಶರ್ಟು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು:

"ಮುಂದಿನ ತಿಂಗಳು ಬನಾನಾ ಡೇ ಇಟ್ಕೊಳ್ಳೋಣ ಮಿಸ್. ಅವಕ್ಕೂ ಒಂದು ಮಾತು ಹೇಳ್ಬಿಡಿ."