ಮುಂದೆ ಓಡಿದ ಚಾವಿ ಗಡಿಯಾರ

ನನ್ನ ಹಳೆಯ ಡೈರಿಯ ಮಾರ್ಚ್ ಒಂಬತ್ತರ ಪುಟದಲ್ಲಿ ಎರಡೇ ಸಾಲು: "ಅಲಾರಾಂ ಗಡಿಯಾರ ತಂದೆವು. ಚಾವಿ ಕೊಡುವುದು ನನ್ನ ಕೆಲಸ." ಈಗ ಬಸವಕಲ್ಯಾಣದ ನಮ್ಮ ಮನೆಯಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನಿದೆ. ಡೈರಿ ತುಂಬುವಷ್ಟು ನಗು ಅದರಿಂದಲೇ ಸಿಗುತ್ತಿದೆ. ಕಳೆದ ವರ್ಷ ಮಾತ್ರ ನಗುವಿನ ಜೊತೆ ಹೆದರಿಕೆಯೂ ಇತ್ತು. ಸೊಸೆ ಶಿಕ್ಷಕಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದಳು. ವಯಸ್ಸಿನ ಮಿತಿ ಮುಗಿಯುತ್ತ ಬಂದಿತ್ತು; ಅದೇ ಕೊನೆಯ ಅವಕಾಶ.

೧. ಪಾಟಿ

ಮಗ ಎಲ್ಲರ ಫೋನಿಗೂ ಸಂತೆಪಟ್ಟಿಯ ಆ್ಯಪ್ ಹಾಕಿದ. "ಅವ್ವಾ, ಮನ್ಯಾಗ ಬರದ್ರ ಬಜಾರದಾಗ ಕಾಣ್ತದ," ಎಂದ. ನಾನು ಪುಂಡಿಪಲ್ಯ ಎಂದು ಬರೆಸಿದೆ. ಕಂಡಿತು. ಮಗನಿಗೆ, ಸೊಸೆಗೆ, ಯಜಮಾನರಿಗೆ, ಮೂವರಿಗೂ ಕಂಡಿತು. ಮೂವರೂ ತಂದರು.

ಮೂರು ದಿನ ಪುಂಡಿಪಲ್ಯ ಉಂಡ ಮೇಲೆ ಅಡುಗೆಮನೆಯ ಬಾಗಿಲಿಗೆ ಒಂದು ಪಾಟಿ, ಶಾಲೆಯ ಮಕ್ಕಳ ಸ್ಲೇಟು, ತೂಗುಹಾಕಿ ಸಂತೆಪಟ್ಟಿ ಬರೆದೆ. ಬಜಾರಿಗೆ ಹೋಗುವವರು ಅದನ್ನೇ ಒಯ್ಯಬೇಕು. ಮೊದಲ ದಿನ ಯಜಮಾನರು ಪಾಟಿ ಹಿಡಿದು ಹೋದರು. ತರಕಾರಿ ಮಾರುವಾಕೆ ಕೇಳಿದಳಂತೆ: "ಕಾಕಾ, ಯಾವ ಸಾಲಿಗಿ ಹೆಸರ ಹಚ್ಚೀರಿ?"

೨. ಜೋಳದ ಡಬ್ಬಿ

ಓದುವಾಗ ಫೋನ್ ಮುಟ್ಟದಂತೆ ಕಾಯುವ ಆ್ಯಪೊಂದನ್ನು ಸೊಸೆ ಹಾಕಿಕೊಂಡಳು. ಅದು ಕಾಯುತ್ತಿದೆಯೋ ಇಲ್ಲವೋ ಎಂದು ನೋಡಲು ಐದೈದು ನಿಮಿಷಕ್ಕೆ ಫೋನ್ ಎತ್ತುತ್ತಿದ್ದಳು. ಕೊನೆಗೆ ತಾನೇ ಬಂದು, "ಅತ್ತಿ, ಎಲ್ಲ್ಯಾರ ಮುಚ್ಚಿಡ್ರಿ," ಎಂದಳು. ಜೋಳದ ಡಬ್ಬಿಯಲ್ಲಿ ಹೂತಿಟ್ಟೆ.

ಮಧ್ಯಾಹ್ನ ಪಕ್ಕದ ಮನೆಯಾಕೆ ಹಿಟ್ಟು ಕೇಳಲು ಬಂದಾಗ ಡಬ್ಬಿ ಗುಂಯ್‌ಗುಡತೊಡಗಿತು. ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. "ಅಕ್ಕಾ, ನಿಮ್ಮ ಜ್ವಾಳ ಯಾರನ್ನೋ ಕರಿಯಾಕತ್ತಾವ ನೋಡ್ರಿ!"

೩. ಗಡಿಯಾರ

ಪರೀಕ್ಷೆ ಬೆಳಿಗ್ಗೆ ಹತ್ತಕ್ಕೆ. ಮಗ ಫೋನಿನಲ್ಲಿ ಏಳಕ್ಕೆ ಅಲಾರಾಂ ಇಟ್ಟ. ಕಾಲೇಜಿನ ಹೆಸರು ಹಾಕಿ ದಾರಿಯನ್ನೂ ಫೋನಿನ ನಕಾಶೆಯಲ್ಲಿ ಹುಡುಕಿದ; ಅದು ಹುಮನಾಬಾದ್ ತೋರಿಸಿತು. ನಾನೂ ಗಡಿಯಾರಕ್ಕೆ ಚಾವಿ ಕೊಟ್ಟು ಏಳಕ್ಕೇ ಇಟ್ಟೆ.

ಗಡಿಯಾರ ಮೊದಲು ಬಡಿಯಿತು. ಗಡಿಬಿಡಿಯಲ್ಲಿ ಯಾರೂ ಫೋನ್ ನೋಡಲಿಲ್ಲ. ನಾನು, ಮಗ, ಸೊಸೆ ಸಿಕ್ಕ ಬಸ್ಸು ಹತ್ತಿದೆವು. ಮಗ ಕೂತಲ್ಲೇ ಗೊರಕೆ ಹೊಡೆದ. ಸ್ವಲ್ಪ ದೂರ ಹೋಗಿರಬೇಕು, ಅವನ ಕಿಸೆಯ ಫೋನ್ ಕಿರುಚಿತು. ಅವನು ಧಡಕ್ಕನೆ ನಿಂತು, "ಏಳ್ರಿ ಎಲ್ಲಾರೂ, ಹೊತ್ತಾತು!" ಎಂದು ಕೂಗಿದ. ಕಂಡಕ್ಟರ್, "ನಾವೆಲ್ಲಾ ಎದ್ದೇವ್ರಿ, ನೀವ ಕುಂದರ್ರಿ," ಎಂದ.

ಆಗಷ್ಟೇ ಏಳು! ಮಗ ತಡಮಾಡುತ್ತಾನೆಂದು ಗಡಿಯಾರವನ್ನು ಕಾಲು ತಾಸು ಮುಂದಿಟ್ಟಿದ್ದೆನೆಂದು ಒಪ್ಪಿಕೊಂಡೆ. ಸೊಸೆ ಮೆಲ್ಲಗೆ, "ನಾನೂ ಅರ್ಧ ತಾಸು ಮುಂದ ಹಚ್ಚಿದ್ದೆ ಅತ್ತಿ," ಎಂದಳು. ಮಗ ಮನೆಗೆ ಫೋನ್ ಮಾಡಿದರೆ ಯಜಮಾನರು ನಕ್ಕರು: "ನಿಮ್ಮವ್ವ ಸೀರಿ ಉಡೂದು ನನಗ ಗೊತ್ತಿಲ್ಲೇನು? ಅದರಾಗ ನಂದೂ ಅರ್ಧ ತಾಸು ಅದ."

ಹುಮನಾಬಾದ್‌ನ ಕಾಲೇಜಿನ ಗೇಟು ಮುಚ್ಚಿತ್ತು. ನಾನು ಕಾಗದದ ಮೇಲೆ ಅಚ್ಚು ಹಾಕಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ತಂದಿದ್ದ ಹಾಲ್ ಟಿಕೆಟನ್ನು ಹೆಮ್ಮೆಯಿಂದ ತೆಗೆದು ಕೊಟ್ಟೆ. ಕಾವಲುಗಾರ ಓದಿದ. "ಅವ್ವಾರ, ಹೆಸರು ಇದೇ ಕಾಲೇಜಿಂದು, ಊರು ಚಿಟಗುಪ್ಪ. ನೀವು ಓದಿಲ್ಲೇನ್ರಿ?"

ಬಿ.ಎ. ಮಾಡಿದವಳು ನಾನು. ಹಾಳೆಗೆ ಒಂದು ಸುಕ್ಕೂ ಬೀಳದಂತೆ ಇಟ್ಟಿದ್ದೆ, ಓದಿರಲಿಲ್ಲ. ಸೊಸೆಯ ಮುಖ ಬಿಳಿಚಿತು. ಕಾವಲುಗಾರ ತಾನೇ ಓಡಿ ಚಿಟಗುಪ್ಪದ ಬಸ್ಸಿಗೆ ಅಡ್ಡ ಕೈ ಹಾಕಿದ. ಆ ಪುಣ್ಯಾತ್ಮನನ್ನು ಇವತ್ತಿಗೂ ನೆನೆಯುತ್ತೇನೆ. ಚಿಟಗುಪ್ಪದಲ್ಲಿ ಸೊಸೆ ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ಗೇಟು ಮುಚ್ಚಿದರು. ಮೂರು ಜನ ಮೂರು ಸಲ ಮುಂದೆ ತಿರುಗಿಸಿದ ಆ ಒಂದೂಕಾಲು ತಾಸು ಇಲ್ಲದಿದ್ದರೆ ಹೊರಗೇ ನಿಲ್ಲುತ್ತಿದ್ದೆವು.

ಈಗ ಅವಳು ಮೋರಖಂಡಿಯ ಶಾಲೆಯಲ್ಲಿ ಟೀಚರ್. ಗಡಿಯಾರ ಈಗಲೂ ಒಂದೂಕಾಲು ತಾಸು ಮುಂದಿದೆ. ಸರಿಮಾಡಲು ಯಾರಿಗೂ ಮನಸ್ಸಿಲ್ಲ.

ಅವತ್ತಿನ ಡೈರಿಯಲ್ಲಿ ಬರೆದದ್ದು: "ಖರ್ಚು: ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ, ಮಗನ ಟಿಕೆಟ್ಟಷ್ಟೇ. ಚಹಾ ನಾಲ್ಕು, ಒಂದು ಕಾವಲುಗಾರನಿಗೆ ಬಾಕಿ. ಗಡಿಯಾರಕ್ಕೆ ಏನೂ ಇಲ್ಲ. ನನ್ನ ಬಿ.ಎ. ಮರ್ಯಾದೆಯಲ್ಲಿ ಸ್ವಲ್ಪ."