ತಗಡಿನ ಕೊಳವೆಯಲ್ಲಿ ಮ್ಯಾನೇಜರು

ಗುಮಾಸ್ತರ ತಲೆಯ ಮೇಲೆ, ಎ.ಸಿ.ಯ ಜಾಲರಿಯೊಳಗಿಂದ, ಯಾರೋ ಸೀನಿದರು.

ಗುಮಾಸ್ತರು ಬೆಚ್ಚಿ ಮೇಲೆ ನೋಡಿದರು. ಹಿಂದೆಯೇ ಮೂಗಿನ ಧ್ವನಿಯೊಂದು ಇಳಿಯಿತು: "ಏನಂದ್ರೆ... ಆ ಹಳೇ ಕಡತ ತನ್ನಿ."

ಮ್ಯಾನೇಜರು! ಅವರ ಕೋಣೆ ಇದ್ದದ್ದು ಎರಡು ಬಾಗಿಲುಗಳಾಚೆ, ಕಾರಿಡಾರಿನ ಆ ತುದಿಯಲ್ಲಿ. ದಿನವೂ ಎ.ಸಿ. ಫ್ಯಾನಿನ ಗುಂಯ್‌ಗುಟ್ಟುವಿಕೆಯಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಇವತ್ತು ಮೆಕ್ಯಾನಿಕ್ ಬಂದು ಅದನ್ನು ನಿಲ್ಲಿಸಿದ್ದ.

"ಅಣ್ಣಾ," ಎಂದಳು ಪಕ್ಕದ ಟೈಪಿಸ್ಟ್, ಮೆಲ್ಲಗೆ, "ಅವರದು ನಮಗೆ ಕೇಳಿಸುತ್ತೆ ಅಂದ್ರೆ, ನಮ್ದೂ ಅವರಿಗೆ ಕೇಳಿಸುತ್ತೆ ಅಲ್ವಾ?"

ಗುಮಾಸ್ತರು ಕುರ್ಚಿಯನ್ನು ಜಾಲರಿಯ ಕೆಳಗಿನಿಂದ ಆಚೆಗೆ ಸರಿಸಿದರು. ಕಳೆದ ಆರು ತಿಂಗಳಿಂದ ಊಟದ ಹೊತ್ತಿನಲ್ಲಿ, ಎ.ಸಿ. ಆರಿಸಿ ಮ್ಯಾನೇಜರು ತಮ್ಮ ಕೋಣೆಯಲ್ಲಿ ಒಬ್ಬರೇ ಸದ್ದಿಲ್ಲದೆ ಉಣ್ಣುವಾಗ, ಇದೇ ಜಾಲರಿಯ ಕೆಳಗೆ ನಿಂತು ಅವರು ಮ್ಯಾನೇಜರ ಅಣಕ ಮಾಡುತ್ತಿದ್ದರು. ಅದೂ ಎಂಥ ಅಣಕ! ಕಣ್ಣು ಮುಚ್ಚಿ ಕೇಳಿದರೆ ಮ್ಯಾನೇಜರ ಹೆಂಡತಿಯೂ ಮೋಸಹೋಗಬೇಕು.

"ನಾನು ನಕ್ಕಿದ್ದಲ್ಲ, ಕೆಮ್ಮಿದ್ದು ಅಂತೀನಿ," ಎಂದು ಟೈಪಿಸ್ಟ್ ಕೈ ತೊಳೆದುಕೊಂಡಳು.

"ರಾಜೀನಾಮೆ ಬರೆದು ಜೇಬಲ್ಲಿಟ್ಕೊಳ್ಳಿ. ಕೇಳೋ ಮುಂಚೆ ಕೊಟ್ರೆ ಮರ್ಯಾದೆ ಉಳಿಯುತ್ತೆ," ಎಂದು ಉಗ್ರಾಣದವರು ಧೈರ್ಯ ತುಂಬಿದರು.

ಗುಮಾಸ್ತರು ಓಡಿಹೋಗಿ ಮೆಕ್ಯಾನಿಕ್‌ನ ಏಣಿ ಹಿಡಿದುಕೊಂಡರು. "ಇಷ್ಟು ದೂರ ಸದ್ದು ಹೆಂಗಪ್ಪಾ ಬರುತ್ತೆ?"

"ಬಯಲಲ್ಲಿ ಕೂಗಿದ್ರೆ ಸದ್ದು ನಾಲ್ಕೂ ಕಡೆ ಹರಡಿ ಕರಗೋಗುತ್ತೆ ಸಾರ್. ಎರಡೂ ಕೋಣೆಗೆ ಗಾಳಿ ಹೋಗೋ ಈ ಕೊಳವೇಲಿ ಹರಡೋಕೆ ಜಾಗ ಎಲ್ಲಿ? ತಗಡಿಗೆ ಬಡ್ಕೊಂಡು ಬಡ್ಕೊಂಡು ಸೀದಾ ಆ ತುದಿಗೇ ಹೋಗುತ್ತೆ."

ಗುಮಾಸ್ತರು ಹಿಂದೆಮುಂದೆ ನೋಡದೆ ತಮ್ಮ ಸ್ವೆಟರನ್ನು ಜಾಲರಿಯೊಳಗೆ ತುರುಕಹೋದರು.

"ಅಯ್ಯೋ, ಗಾಳಿನೂ ನಿಂತೋಗುತ್ತೆ! ಒಳಗೋಡೆಗೆ ಮೆತ್ತನೆ ಹಾಸು ಅಂಟಿಸ್ಬೇಕು. ಅದು ಸದ್ದನ್ನ ಕುಡಿಯುತ್ತೆ, ಗಾಳೀನ ಬಿಡುತ್ತೆ."

ಹಾಸು ಬಂತು, ಗೋಂದು ಬಂತು. ಗುಮಾಸ್ತರು ತಾವೇ ಏಣಿ ಹತ್ತಿ, ಜಾಲರಿ ಕಳಚಿದ ಕೊಳವೆಯೊಳಗೆ ತಲೆ ತೂರಿಸಿ ಹಾಸನ್ನು ಒತ್ತಿ ಹಿಡಿದರು. ಹೊರಗೆಳೆಯಲು ನೋಡಿದರೆ ತಲೆ ಬರಲೊಲ್ಲದು! ಕೂದಲು ಗೋಂದಿಗೆ ಕಚ್ಚಿಕೊಂಡಿತ್ತು.

"ಮೆಲ್ಲಗೆ ಎಳಿಯಪ್ಪಾ, ಕೇಳಿಸೀತು," ಎಂದು ಪಿಸುಗುಟ್ಟಿದರು.

"ಯಾರಿಗೆ ಸಾರ್ ಕೇಳಿಸಬಾರ್ದು? ಮ್ಯಾನೇಜರಿಗಾ?" ಎಂದು ಮೆಕ್ಯಾನಿಕ್ ಕೊಳವೆಯ ಬಾಯಿಗೇ ಮುಖವಿಟ್ಟು ಅಬ್ಬರಿಸಿದ.

ಪುಣ್ಯಕ್ಕೆ ಮ್ಯಾನೇಜರು ಆಗ ಕೋಣೆಯಲ್ಲಿರಲಿಲ್ಲ. ಟೈಪಿಸ್ಟಳ ಕತ್ತರಿಯಿಂದ ಗುಮಾಸ್ತರು ಒಂದು ಹಿಡಿ ಕೂದಲು ಕೊಟ್ಟು ಬಿಡುಗಡೆ ಪಡೆದರು. ಊಟದ ಹೊತ್ತಿಗೆ ಕೆಲಸ ಮುಗಿಯಿತು. ಅಂದು ಗುಮಾಸ್ತರು ಮೊಸರನ್ನ ನುಂಗುವಾಗಲೂ ಸದ್ದು ಮಾಡಲಿಲ್ಲ.

ಎರಡು ಗಂಟೆಗೆ ಕರೆ ಬಂತು: "ಮ್ಯಾನೇಜರು ಕರೀತಿದ್ದಾರೆ."

ಗುಮಾಸ್ತರು ಒಳಹೊಕ್ಕಾಗ ಮ್ಯಾನೇಜರ ಕಣ್ಣು ಒದ್ದೆಯಾಗಿತ್ತು. ಬಾಗಿಲು ಹಾಕಿಸಿ ಹತ್ತಿರ ಕರೆದರು.

"ಯಾರಿಗೂ ಹೇಳಬೇಡಿ. ಆರು ತಿಂಗಳಿಂದ ದಿನಾ ಊಟದ ಹೊತ್ತಲ್ಲಿ ನನ್ನ ಧ್ವನೀನೇ ನನಗೆ ಕೇಳಿಸ್ತಿತ್ತು ರೀ! 'ಏನಂದ್ರೆ, ನಾನೊಬ್ಬ ದಂಡಪಿಂಡ' ಅಂತಿತ್ತು. ತಲೆ ಕೆಟ್ಟಿತು ಅಂದ್ಕೊಂಡೆ. ಡಾಕ್ಟರ್ ಹತ್ರ ಹೋದೆ. ಇವತ್ತು ನೋಡಿ, ಒಂದು ಸೊಲ್ಲಿಲ್ಲ! ಮಾತ್ರೆ ಕೊನೆಗೂ ಕೆಲಸ ಮಾಡ್ತು!"

ಗುಮಾಸ್ತರಿಗೆ ತಲೆ ಮೇಲಿನ ಬಂಡೆ ಇಳಿಸಿದಂತಾಯಿತು. "ತುಂಬಾ ಸಂತೋಷ ಸಾರ್!" ಎಂದರು, ಹೊಟ್ಟೆಯಾಳದಿಂದ.

"ನೋಡಿ ಇದನ್ನ." ಮ್ಯಾನೇಜರು ಮೇಜಿನಿಂದ ಒಂದು ಪತ್ರ ತೆಗೆದರು. "ಸ್ವಯಂ ನಿವೃತ್ತಿಗೆ ಬರೆದಿದ್ದೆ. ಇವತ್ತು ಸಂಜೆ ಕಳಿಸೋನಿದ್ದೆ. ನನ್ನ ಕುರ್ಚಿಗೆ ನಿಮ್ಮನ್ನೇ ಶಿಫಾರಸು ಮಾಡಿದ್ದೆ, ಬಾಯಿಬಿಡದೆ ಕೆಲಸ ಮಾಡೋರು ಅಂತ. ಇನ್ಯಾಕೆ ಬಿಡಿ!" ಎಂದು ಪತ್ರವನ್ನು ಪರಪರ ಹರಿದು ಬುಟ್ಟಿಗೆ ಹಾಕಿದರು. "ಇನ್ನೂ ಎಂಟು ವರ್ಷ ಒಟ್ಟಿಗೇ ಇರೋಣ."

ಗುಮಾಸ್ತರು ಕಾಲೆಳೆಯುತ್ತ ಹಿಂದಿರುಗಿದರು. ಎಲ್ಲರೂ ಮುತ್ತಿಕೊಂಡರು.

"ಕೆಲಸ ಉಳೀತಾ ಅಣ್ಣಾ?"

"ಉಳೀತಮ್ಮಾ," ಎಂದು ನಿಟ್ಟುಸಿರಿಟ್ಟರು ಗುಮಾಸ್ತರು. "ಇಬ್ಬರದೂ ಉಳೀತು."