ಯಾರೋ ಹುಡುಕಿರಬೇಕು

ಕೊಡಗಿನ ಮೂರ್ನಾಡಿನಲ್ಲಿ ಮೊಬೈಲ್ ಅಂಗಡಿ ಇಟ್ಟವನಿಗೆ ನಗಲು ಬೇರೆ ಏನೂ ಬೇಡ. ದಿನಕ್ಕೊಬ್ಬರಾದರೂ ಫೋನನ್ನು ಮುಂದೆ ಚಾಚಿಕೊಂಡು, "ಇದರಲ್ಲಿ ಬೇಡದ್ದೆಲ್ಲ ಬರ್ತಿದೆ, ತೆಗೆದುಕೊಡಿ" ಎಂದು ಬರುತ್ತಾರೆ. ಬೇಡದ್ದು ಎಂದರೆ ಜಾಹೀರಾತು. ಫೋನು ಮಾರಿದವನು ನಾನಾದ್ದರಿಂದ ಅದರೊಳಗೆ ಜಾಹೀರಾತು ತುಂಬಿಸಿದವನೂ ನಾನೇ ಎಂದು ಅವರು ನಂಬಿರುತ್ತಾರೆ. ನಾನು ಎಲ್ಲರಿಗೂ ಕೊಡುವ ಉತ್ತರ ಒಂದೇ: "ಅದು ಸುಮ್ಮನೆ ತೋರಿಸಲ್ಲ. ಯಾರೋ ಹುಡುಕಿರಬೇಕು." ಈ ಒಂದು ಮಾತಿನಿಂದ ಎಷ್ಟು ಮನೆಗಳಲ್ಲಿ ಪಂಚಾಯಿತಿ ನಡೆದಿದೆಯೋ ನನಗೆ ಗೊತ್ತಿಲ್ಲ.

ಮೊದಲೆಲ್ಲ ಕೌಂಟರಿನಲ್ಲಿ ರೀಚಾರ್ಜ್ ಮಾಡಿಕೊಡಲು ನನ್ನ ಹೆಂಡತಿ ಕೂರುತ್ತಿದ್ದಳು. ಗಿರಾಕಿ ಮೆಟ್ಟಿಲಿಳಿದು ಹೋದ ಮೇಲೆ, "ಗೊತ್ತಿರೋದನ್ನೆಲ್ಲ ಹೇಳಲೇಬೇಕೇನ್ರೀ?" ಎಂದು ನನ್ನನ್ನು ಗದರುತ್ತಿದ್ದಳು. ಅವಳು ತೀರಿಕೊಂಡು ಎರಡು ವರ್ಷವಾಯಿತು. ಸ್ಟೂಲು ಹಾಗೇ ಇದೆ. ಗದರುವವರಿಲ್ಲದ್ದರಿಂದ ಇದನ್ನೆಲ್ಲ ಬರೆಯುವ ಧೈರ್ಯ ಬಂದಿದೆ.

ಅರ್ಚಕರ ಫೋನಿಗೆ ಹಂದಿ ಮಸಾಲೆ

ಒಂದು ದಿನ ಹತ್ತಿರದ ಹಳ್ಳಿಯ ದೇವಸ್ಥಾನದ ಅರ್ಚಕರು ಬಂದರು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಫೋನನ್ನು ಉತ್ತರೀಯದ ಮರೆಯಿಂದ ಹೊರಗೆ ತೆಗೆದರು. ನೋಡಿದರೆ ಹಂದಿ ಸಾರಿನ ಮಸಾಲೆ, ಅದರ ಕೆಳಗೆ ಆ ಸಾರಿಗೇ ಹುಳಿಗೆಂದು ಹಾಕುವ ಕಾಚಂಪುಳಿಯ ಬಾಟಲಿ, ಅದರ ಕೆಳಗೆ ಮಾಂಸ ಕೊಚ್ಚುವ ಕತ್ತಿ.

"ಯಾರೋ ಹುಡುಕಿರಬೇಕು" ಎಂದೆ.

"ನಮ್ಮ ಮನೇಲಿ ಈರುಳ್ಳಿ ಹುಡುಕೋರೂ ಇಲ್ಲವಲ್ಲಪ್ಪ" ಎಂದರು, ಅಳುವ ದನಿಯಲ್ಲಿ.

ಅವರ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಪಕ್ಕದ ಕಾಫಿ ಪ್ಲಾಂಟರ್ ಮನೆಗೆ ಒಮ್ಮೆ ಪೂಜೆಗೆ ಹೋದಾಗ ಅವರು ವೈಫೈ ಪಾಸ್‌ವರ್ಡ್ ಕೊಟ್ಟಿದ್ದರಂತೆ. ಅಂದಿನಿಂದ ಅರ್ಚಕರು ದಿನವೂ ಬೇಲಿಯ ಪಕ್ಕ ನಿಂತು ಪಂಚಾಂಗ ನೋಡಿಕೊಳ್ಳುತ್ತಿದ್ದರು. ಎರಡು ಫೋನು ಒಂದೇ ವೈಫೈಯಲ್ಲಿದ್ದರೆ ಅವೆರಡೂ ಒಂದೇ ಮನೆಯವು ಎಂದುಕೊಳ್ಳುತ್ತದೆ ಜಾಹೀರಾತು ಕಳಿಸುವ ಯಂತ್ರ. ಹಾಗೆಂದು ಹೇಳಿ, ಕೈಲಾದದ್ದನ್ನು ಸರಿಮಾಡಿ ಕಳಿಸಿದೆ.

ಎರಡು ದಿನ ಬಿಟ್ಟು ಅದೇ ಪ್ಲಾಂಟರ್ ಬಂದರು. "ಏನ್ ಮಾರಾಯ, ಫೋನ್ ತೆಗೆದ್ರೆ ದರ್ಭೆ, ಪಂಚಪಾತ್ರೆ, ಹೋಮದ ಸೌದೆ. ಮನೇಲಿ ಮಸಾಲೆ ಮುಗಿದಿದೆ, ಅದೊಂದು ಮಾತ್ರ ಬರೋದಿಲ್ಲ" ಎಂದರು. ಮಸಾಲೆಯೆಲ್ಲ ಅರ್ಚಕರ ಫೋನಿಗೆ ಹೋಗಿತ್ತು ಎಂದೆ.

ಅವರು ಸ್ವಲ್ಪ ಯೋಚಿಸಿ, "ಹಾಗಾದ್ರೆ ಬಂದಿದ್ದನ್ನ ಈ ಕಡೆ ಕಳಿಸೋಕೆ ಅವರಿಗೆ ಹೇಳು" ಎಂದರು.

ಟೀಚರಮ್ಮನ ಕಾಶಿ

ನಿವೃತ್ತರಾದ ಟೀಚರೊಬ್ಬರು ಹಾಸಿಗೆ ಹಿಡಿದ ತಾಯಿಯನ್ನು ಆರು ವರ್ಷ ಒಬ್ಬರೇ ನೋಡಿಕೊಂಡರು. ತಾಯಿ ತೀರಿಕೊಂಡ ಮೇಲೂ ಅವರ ಫೋನಿನಲ್ಲಿ ಗಾಳಿ ತುಂಬುವ ಹಾಸಿಗೆ, ದೊಡ್ಡವರ ಡೈಪರು ಬರುವುದು ನಿಲ್ಲಲಿಲ್ಲ. "ಅಮ್ಮ ಇಲ್ಲ ಅಂತ ಇದಕ್ಕೆ ಹೇಳೋದು ಹೇಗೆ?" ಎಂದು ಕೇಳಿದರು.

"ಈ ಜಾಹೀರಾತು ಬೇಡ" ಎಂದು ಒತ್ತಿದರೆ ಅದು ಕಾರಣ ಕೇಳುತ್ತದೆ. ಈಗಾಗಲೇ ಕೊಂಡಿದ್ದೇನೆ, ತುಂಬಾ ಸಲ ನೋಡಿದ್ದೇನೆ, ನನಗೆ ಸಂಬಂಧಿಸಿದ್ದಲ್ಲ. ಸತ್ತುಹೋದರು ಎನ್ನುವುದಕ್ಕೆ ಅದರಲ್ಲಿ ಜಾಗವಿಲ್ಲ. ಟೀಚರು ಮೂರನ್ನೂ ಎರಡೆರಡು ಸಲ ಓದಿದರು. "ಸಂಬಂಧವಿಲ್ಲ ಅಂತ ಒತ್ತೋಕೆ ಮನಸ್ಸು ಬರಲ್ಲ" ಎಂದರು. ಆಗಿನ್ನೂ ಕೌಂಟರಿನಲ್ಲಿ ಕೂರುತ್ತಿದ್ದ ನನ್ನ ಹೆಂಡತಿಯೇ ಎದ್ದು ಬಂದು, "ತುಂಬಾ ಸಲ ನೋಡಿದೀನಿ ಅಂತ ಒತ್ತಿ ಮೇಡಂ, ಅದು ನಿಜ ತಾನೇ" ಎಂದು ಅವರ ಬೆರಳು ಹಿಡಿದು ಒತ್ತಿಸಿದಳು.

ತಿಂಗಳ ಮೇಲೆ ಮತ್ತೆ ಬಂದರು. ಈಗ ಕಾಶಿ ಯಾತ್ರೆ ಬರುತ್ತಿದೆಯಂತೆ. "ನನಗೆ ಕಾಶಿ ನೋಡೋ ಆಸೆ ಇರೋದು ಯಾರಿಗೂ ಗೊತ್ತಿಲ್ಲ. ಇದಕ್ಕೆ ಹೇಗೆ ಗೊತ್ತಾಯ್ತು?"

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಯಾರೋ ಹುಡುಕಿರಬೇಕು" ಎಂದೆ.

ಟೀಚರ ಮುಖ ಬಾಡಿತು. "ಅಮ್ಮ ಮಲಗಿದ್ದಾಗ ಒಂದು ಸಲ ನೋಡಿದ್ದೆ. ಒಂದೇ ಸಲ" ಎಂದು ಕಣ್ಣೊರೆಸಿಕೊಂಡರು. ಹೆಂಡತಿ ಅವರಿಗೆ ಎದುರಿನ ಬೇಕರಿಯಿಂದ ಟೀ ತರಿಸಿ ಕುಡಿಸಿದಳು. "ಹೋಗಿಬನ್ನಿ, ಅಮ್ಮನ ಹೆಸರಲ್ಲೇ ಹೋಗಿಬನ್ನಿ" ಎಂದಳು. ಆ ದಿನ ಸಂಜೆಯವರೆಗೂ ನನ್ನೊಡನೆ ಮಾತಾಡಲಿಲ್ಲ.

ಟೀಚರು ಹೋಗಿಬಂದರು, ನಮಗೂ ಗಂಗೆಯ ತಂಬಿಗೆ ತಂದುಕೊಟ್ಟರು. ಆದರೆ ಈ ಯಂತ್ರದ ಹಣೆಬರಹವೇ ಹಾಗೆ, ಒಮ್ಮೆ ಕೊಂಡವರಿಗೆ ಅದನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಆರು ತಿಂಗಳು ಬಿಡದೆ ಕಾಶಿ ಬಂತಂತೆ. "ಒಂದು ಸಲ ಮುಳುಗಿದ್ದು ಸಾಲದು ಅನ್ನೋ ಹಾಗಿದೆ. ನಾನೇನು ಅಷ್ಟೊಂದು ಪಾಪ ಮಾಡಿದೀನಾ?" ಎಂದು ಕೇಳಿದರು. ಅವರು ನಕ್ಕದ್ದನ್ನು ನಾವು ನೋಡಿದ್ದು ಅದೇ ಮೊದಲು.

ರೈಲು ನೋಡುವವರು

ಎಸ್ಟೇಟಿನಲ್ಲಿ ಕೆಲಸದವರ ಹಾಜರಿ ಬರೆಯುವವರನ್ನು ನಮ್ಮಲ್ಲಿ ರೈಟರು ಎನ್ನುತ್ತೇವೆ. ಅಂಥ ರೈಟರೊಬ್ಬರು ಕಾಫಿ ಪಿಕ್ಕಿಂಗ್ ಜೋರಾಗಿದ್ದಾಗ ಗಾಬರಿಯಿಂದ ಬಂದರು. ಫೋನು ತೆರೆದರೆ ಬರೀ ಅಸ್ಸಾಮಿನ ರೈಲು ಟಿಕೆಟ್ಟು. ಲೈನಿನಲ್ಲಿ, ಅಂದರೆ ಎಸ್ಟೇಟಿನ ಸಾಲುಮನೆಗಳಲ್ಲಿ, ಇದ್ದ ಅಸ್ಸಾಮಿನ ಕೆಲಸದವರು ಸಂಜೆ ಹೊತ್ತು ಇವರ ಫೋನನ್ನೇ ಕೇಳಿ ಪಡೆದು ನೋಡುತ್ತಿದ್ದರು.

"ಹುಡುಕಿದಾರೆ" ಎಂದೆ.

ರೈಟರು ಓಡಿದರು. ಸಾಹುಕಾರರಿಗೆ ಹೇಳಿ ಅದೇ ಭಾನುವಾರ ಲೈನಿಗೆಲ್ಲ ಕೋಳಿ ಸಾರು ಮಾಡಿಸಿದರು. ಒಬ್ಬರೂ ಊರಿಗೆ ಹೋಗಲಿಲ್ಲ. ಕೊನೆಗೆ ರೈಟರು ತಡೆಯಲಾರದೆ ಕೇಳಿದ್ದಕ್ಕೆ ಅವರಲ್ಲೊಬ್ಬ, "ಮನೆ ನೆನಪಾದ್ರೆ ರೈಲು ನೋಡ್ತೀವಿ ಸಾರ್. ಹತ್ತೋಕಲ್ಲ" ಎಂದನಂತೆ.

ಇದನ್ನು ಕೇಳಿದಾಗ ನನ್ನ ಹೆಂಡತಿ, "ನೋಡಿದ್ರಾ, ಹುಡುಕಿದ್ದೆಲ್ಲ ಬೇಕು ಅಂತಲೇ ಅಲ್ಲ" ಎಂದು ನನಗೆ ಬುದ್ಧಿ ಹೇಳಿದಳು. ಆದರೆ ಮುಂದಿನ ವರ್ಷದ ಪಿಕ್ಕಿಂಗಿನಲ್ಲಿ ಕೋಳಿ ತಿನ್ನಬೇಕು ಅನ್ನಿಸಿದಾಗಲೆಲ್ಲ ಲೈನಿನವರು ರೈಟರ ಫೋನಿನಲ್ಲಿ ರೈಲು ಹುಡುಕುತ್ತಿದ್ದರು.

ನನ್ನ ಫೋನು

ನನ್ನ ಗೊರಕೆ ಸಣ್ಣದಲ್ಲ. ಮಧ್ಯಾಹ್ನ ಅಂಗಡಿಯಲ್ಲಿ ಕುರ್ಚಿಗೊರಗಿದರೆ ಎದುರಿನ ಬೇಕರಿಯವರು ಟಿವಿಯ ಸದ್ದು ಹೆಚ್ಚಿಸುತ್ತಾರೆ. ಇಪ್ಪತ್ತೆಂಟು ವರ್ಷ ಪಕ್ಕದಲ್ಲಿ ಮಲಗಿದವಳನ್ನು ಕೇಳಿದರೆ ಮಾತ್ರ, "ನನಗೆ ಕೇಳ್ಸೋದೇ ಇಲ್ಲ, ತಲೆ ಇಟ್ಟ ತಕ್ಷಣ ನಿದ್ದೆ" ಎನ್ನುತ್ತಿದ್ದಳು. ನಾನು ನಂಬಿದ್ದೆ.

ಅವಳು ಹೋದದ್ದು ನಿದ್ದೆಯಲ್ಲಿ. ಹೃದಯ ನಿಂತಿದೆ ಎಂದರು ಡಾಕ್ಟರು. ಪಕ್ಕದಲ್ಲೇ ನಾನಿದ್ದೆ, ಎಂದಿನಂತೆ ಗೊರಕೆ ಹೊಡೆಯುತ್ತ. ಬೆಳಗ್ಗೆ ಕಾಫಿಗೆ ಕರೆದಾಗಲೇ ನನಗೆ ಗೊತ್ತಾದದ್ದು. ಅವಳು ನನ್ನನ್ನು ಕರೆದಿದ್ದಳೋ ಏನೋ, ನನ್ನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲವೋ ಏನೋ. ಆ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ತಿಥಿ ಮುಗಿಸಿ ಅಂಗಡಿ ತೆರೆದ ದಿನ ನನ್ನ ಫೋನಿಗೊಂದು ಜಾಹೀರಾತು ಬಂತು. ಗೊರಕೆ ನಿಲ್ಲಿಸಲು ಮೂಗಿಗೆ ಸಿಕ್ಕಿಸಿಕೊಳ್ಳುವ ಕ್ಲಿಪ್ಪು. ಚಿತ್ರದಲ್ಲಿ ಗಂಡ ಕ್ಲಿಪ್ಪು ಹಾಕಿಕೊಂಡು ಮಲಗಿದ್ದಾನೆ, ಪಕ್ಕದಲ್ಲಿ ಹೆಂಡತಿ ನಗುಮುಖದಲ್ಲಿ ನಿದ್ದೆ ಮಾಡುತ್ತಿದ್ದಾಳೆ. ತೆಗೆದುಹಾಕಿದೆ. ಮರುದಿನ ಮತ್ತೆ ಬಂತು. ನಾನಂತೂ ಹುಡುಕಿರಲಿಲ್ಲ. ಮನೆಯಲ್ಲಿದ್ದವರು ಇಬ್ಬರೇ, ಇಬ್ಬರ ಫೋನಿಗೂ ಒಂದೇ ಲಾಗಿನ್. ಊರಿಗೆಲ್ಲ ಹೇಳಿದ ಉತ್ತರವನ್ನು ಈಗ ನನಗೆ ನಾನೇ ಹೇಳಿಕೊಳ್ಳಬೇಕಾಯಿತು.

ಹಾಗಾದರೆ ಅವಳಿಗೆ ಕೇಳಿಸುತ್ತಿತ್ತು. ಇಪ್ಪತ್ತೆಂಟು ವರ್ಷ ನನ್ನಿಂದ ನಿದ್ದೆಗೆಟ್ಟು, ಒಂದು ದಿನವೂ ಬಾಯಿಬಿಡಲಿಲ್ಲ. ಒಂದು ವಾರ ಆ ಜಾಹೀರಾತನ್ನು ತೆಗೆದುಹಾಕುತ್ತಲೇ ಇದ್ದೆ. ಕೊನೆಗೆ ಅವಳ ಫೋನು ತೆಗೆದು, ಹುಡುಕಿದ್ದರ ಪಟ್ಟಿ ನೋಡಲು ಕುಳಿತೆ. ಬೇರೆಯವರ ಫೋನಿನಲ್ಲಿ ಅದನ್ನು ನೂರಾರು ಸಲ ತೆರೆದವನು ನಾನು. ಅವಳದನ್ನು ತೆರೆದದ್ದು ಅದೇ ಮೊದಲು. ಅವಳಿಗೆ ಟೈಪ್ ಮಾಡಲು ಬೇಸರ, ಫೋನಿಗೆ ಬಾಯಲ್ಲೇ ಹೇಳುತ್ತಿದ್ದಳು. ಅದು ಅವಳ ಮಾತನ್ನು ಹಾಗೇ ಬರೆದಿಟ್ಟುಕೊಂಡಿತ್ತು.

"ನಮ್ಮ ಯಜಮಾನರಿಗೆ ಗೊರಕೆ ಮಧ್ಯೆ ಉಸಿರು ನಿಂತುಹೋಗುತ್ತೆ ಏನು ಮಾಡಬೇಕು."

ಅದಾದ ಮೇಲೆ, "ಎಬ್ಬಿಸಬಹುದಾ."

ಅದಾದ ಮೇಲೆ, "ಎಬ್ಬಿಸಿದ್ರೆ ಬಯ್ತಾರೆ ಏನು ಮಾಡಬೇಕು."

ಓದಿ ಜೋರಾಗಿ ನಕ್ಕೆ. ಆಮೇಲೆ ಶಟರನ್ನು ಅರ್ಧ ಎಳೆದುಕೊಂಡು ಅತ್ತೆ. ಸದ್ದು ಇದ್ದಷ್ಟು ಹೊತ್ತು ಅವಳಿಗೆ ನಿಜವಾಗಿಯೂ ನಿದ್ದೆ ಬರುತ್ತಿತ್ತು. ಸದ್ದು ನಿಂತಾಗ ಎಚ್ಚರವಾಗುತ್ತಿತ್ತು. ಆಗಾಗ ಪಕ್ಕೆಗೆ ತಿವಿದು, "ಆ ಕಡೆ ತಿರುಗಿ" ಎನ್ನುತ್ತಿದ್ದಳು, ನಾನು ಬಯ್ದು ತಿರುಗುತ್ತಿದ್ದೆ. ನನ್ನ ಉಸಿರನ್ನು ಅವಳು ಹಾಗೆ ಕಾದಳು. ಅವಳ ಉಸಿರು ನಿಂತಾಗ ತಿವಿಯಲು ನಾನು ಎಚ್ಚರವಿರಲಿಲ್ಲ.

ಕ್ಲಿಪ್ಪನ್ನು ಅವಳು 'ಆಮೇಲೆ ಕೊಳ್ಳುವೆ' ಎನ್ನುವ ಪಟ್ಟಿಯಲ್ಲಿ ಇಟ್ಟು ಸುಮ್ಮನಾಗಿದ್ದಳು. ನನಗೆ ಬೇಜಾರಾದೀತು ಎಂದುಕೊಂಡಿರಬೇಕು. ನಾನೇ ತರಿಸಿದೆ. ಅಂದಿನಿಂದ ದಿನವೂ ತಪ್ಪದೆ ಹಾಕಿಕೊಂಡು ಮಲಗುತ್ತೇನೆ.

ತಿಂಗಳಾದ ಮೇಲೆ ಮಾರಿದ ಕಂಪನಿಯವರು, "ವಸ್ತು ಹೇಗಿದೆ? ಗೊರಕೆ ನಿಂತಿತೇ? ನಿಮ್ಮ ಅಭಿಪ್ರಾಯ ತಿಳಿಸಿ" ಎಂದು ಕೇಳಿದರು. ಗೊತ್ತಿರುವುದನ್ನೆಲ್ಲ ಹೇಳಿಯೇ ಅಭ್ಯಾಸವಾದವನು ನಾನು. ಐದು ನಕ್ಷತ್ರ ಕೊಟ್ಟು ಬರೆದೆ: "ನಿಂತಿತೋ ಇಲ್ಲವೋ ಗೊತ್ತಿಲ್ಲ. ಹೇಳಬೇಕಾದವರು ಪಕ್ಕದಲ್ಲಿಲ್ಲ."

ಮೊನ್ನೆ ತೆರೆದು ನೋಡಿದರೆ ಅದರ ಕೆಳಗೆ ಹೀಗಿತ್ತು: "ಈ ಅಭಿಪ್ರಾಯ ಹನ್ನೊಂದು ಜನರಿಗೆ ಉಪಯೋಗವಾಗಿದೆ."